ಸಾಂಬಾರಿನ ಉಪ್ಪು, ರೇಡಿಯೋದ ಗದ್ದಲ

ಕಳೆದ ಚಳಿಗಾಲದ ಒಂದು ಗುರುವಾರ ರಾತ್ರಿ. ನಮ್ಮ ರೂಮಿನ ಡ್ರೈವರ್ ಮಿತ್ರರು, ಪುತ್ತೂರು ಕಡೆಯವರು, ಡ್ಯೂಟಿ ಮುಗಿಸಿ ಬಂದವರೇ ನನ್ನ ಮಂಚದ ಹತ್ತಿರ ನಿಂತರು. "ನಿಮಗೆ ಇಲೆಕ್ಟ್ರಾನಿಕ್ಸ್ ಗೊತ್ತುಂಟಲ್ಲ, ಒಮ್ಮೆ ಕೆಳಗೆ ಬನ್ನಿ ಮಾರ್ರೆ. ಹೊಸ ಡ್ಯಾಶ್‌ಕ್ಯಾಮ್ ಹಾಕಿದ ಮೇಲೆ ರೇಡಿಯೋಕ್ಕೆ ದೆವ್ವ ಹಿಡಿದಿದೆ" ಎಂದರು.

ಇಳಿದು ಹೋಗಿ ನೋಡಿದೆ. ಹತ್ತಿರದ ಸ್ಟೇಷನ್‌ಗಳು ಚೆನ್ನಾಗಿಯೇ ಕೇಳುತ್ತಿದ್ದವು. ಅವರು ದೂರದ ದಾರಿಯಲ್ಲಿ ಹಾಕಿಕೊಳ್ಳುವ ಹಳೆ ಹಿಂದಿ ಹಾಡುಗಳ ಸ್ಟೇಷನ್ ಮಾತ್ರ ಸೊಂಯ್ ಎಂಬ ಸದ್ದಿನಲ್ಲಿ ಮುಳುಗಿಹೋಗಿತ್ತು. ಲೈಟರ್ ಸಾಕೆಟ್‌ನಿಂದ ಕ್ಯಾಮೆರಾದ ಚಾರ್ಜರ್ ಕಿತ್ತೆ. ಹಾಡು ಬಂತು. ಮತ್ತೆ ಸಿಕ್ಕಿಸಿದೆ. ಹಾಡು ಹೋಯಿತು. ಅವರು ನನ್ನನ್ನೇ ನೋಡಿ ಕೇಳಿದರು: "ಕ್ಯಾಮೆರಾಕ್ಕೂ ರೇಡಿಯೋಕ್ಕೂ ನಡುವೆ ಒಂದು ವೈರೂ ಇಲ್ಲ. ಮತ್ತೆ ಇದು ಹೇಗೆ ಸಾಧ್ಯ?"

ಅವರಿಗೆ ಆ ರಾತ್ರಿ ಅರ್ಧ ಉತ್ತರ ಕೊಟ್ಟೆ. ಉಳಿದರ್ಧದಲ್ಲಿ ನನ್ನದೇ ಒಂದು ತಪ್ಪಿನ ಕಥೆಯೂ ಸೇರಿದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಭಾಗವತರ ತಾಳ

ಕ್ಯಾಮೆರಾ, ಕಂಪ್ಯೂಟರ್, ಪ್ರಿಂಟರ್, ಟಿವಿ, ಹಾಜರಾತಿ ಮೆಷಿನ್ ಹೀಗೆ ಯಾವ ಡಿಜಿಟಲ್ ಉಪಕರಣ ತೆಗೆದುಕೊಂಡರೂ ಅದರ ಹೊಟ್ಟೆಯಲ್ಲಿ ಒಂದು ಗಡಿಯಾರ ಇರುತ್ತದೆ. ನಾವು ಅದನ್ನು 'ಕ್ಲಾಕ್' ಎನ್ನುತ್ತೇವೆ. ಯಕ್ಷಗಾನದಲ್ಲಿ ಭಾಗವತರ ತಾಳಕ್ಕೆ ಎಲ್ಲ ವೇಷಗಳೂ ಹೆಜ್ಜೆ ಹಾಕುವ ಹಾಗೆ, ಒಳಗಿನ ಐಸಿಗಳೆಲ್ಲ ಈ ಕ್ಲಾಕಿನ ಬಡಿತಕ್ಕೆ ಕೆಲಸ ಮಾಡುತ್ತವೆ. ಬಡಿತದ ವೇಗ ಮಾತ್ರ ಸೆಕೆಂಡಿಗೆ ಕೋಟಿಗಟ್ಟಲೆ. ಸೆಕೆಂಡಿಗೆ ಹತ್ತು ಲಕ್ಷ ಬಡಿತವಾದರೆ ಒಂದು ಮೆಗಾಹರ್ಟ್ಸ್.

ಈ ಬಡಿತ ನಯವಾಗಿ ಏರಿ ಇಳಿಯುವುದಿಲ್ಲ. ಸ್ವಿಚ್ ಹಾಕಿ ತೆಗೆದಂತೆ ಚೌಕಾಕಾರದಲ್ಲಿ ಇರುತ್ತದೆ. ಇಂತಹ ಚೌಕ ಅಲೆಯೊಳಗೆ ಮೂಲ ಕಂಪನಾಂಕ ಒಂದೇ ಇರುವುದಿಲ್ಲ. ಅದರ ಮೂರು, ಐದು, ಏಳು ಪಟ್ಟಿನ ಕಂಪನಾಂಕಗಳೂ ಜೊತೆಗಿರುತ್ತವೆ. ಇವೇ ಹಾರ್ಮೋನಿಕ್‌ಗಳು.

ಒಂದು ಉದಾಹರಣೆ ಕೊಡುತ್ತೇನೆ. 1981ರ ಮೊದಲ ಐಬಿಎಂ ಪಿಸಿಯಿಂದ ಹಿಡಿದು ಬಹುಕಾಲ ಕಂಪ್ಯೂಟರ್ ಬೋರ್ಡುಗಳಲ್ಲಿ 14.318 ಮೆಗಾಹರ್ಟ್ಸ್‌ನ ಒಂದು ಕ್ರಿಸ್ಟಲ್ ಇರುತ್ತಿತ್ತು. ಊರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡಿದವರಿಗೆ ಆ ಬೆಳ್ಳಿ ಬಣ್ಣದ ಪುಟ್ಟ ಡಬ್ಬಿ ನೆನಪಿರಬಹುದು. ಅದನ್ನು ಏಳರಿಂದ ಗುಣಿಸಿ ನೋಡಿ. 100.2 ಬರುತ್ತದೆ. ಮಂಗಳೂರು ಆಕಾಶವಾಣಿಯ ಎಫ್ಎಂ ಇರುವುದು 100.3 ಮೆಗಾಹರ್ಟ್ಸ್‌ನಲ್ಲಿ. ಅಂದರೆ ಕಂಪ್ಯೂಟರಿನೊಳಗಿನ ಒಂದು ಕ್ರಿಸ್ಟಲ್, ತನಗೆ ಗೊತ್ತಿಲ್ಲದೆಯೇ, ಆಕಾಶವಾಣಿಯ ಮನೆ ಬಾಗಿಲಲ್ಲಿ ನಿಂತು ಕೂಗುತ್ತಿರುತ್ತದೆ. ಸ್ಟೇಷನ್ ಹತ್ತಿರವಿದ್ದರೆ ಅದರ ದೊಡ್ಡ ದನಿಯ ಮುಂದೆ ಈ ಕೂಗು ಕೇಳಿಸದು. ಸಿಗ್ನಲ್ ದುರ್ಬಲವಾಗಿರುವ ಕಡೆ ಕೇಳಿಸಬಹುದು.

ಕೂಗು ಹೊರಗೆ ಬರಲು ಬಾಯಿ ಬೇಕಲ್ಲ? ಆ ಬಾಯಿಯೇ ವೈರು. 100 ಮೆಗಾಹರ್ಟ್ಸ್‌ಗೆ ಸುಮಾರು 75 ಸೆಂಟಿಮೀಟರ್ ಉದ್ದದ ತಂತಿ ಒಳ್ಳೆಯ ಆಂಟೆನಾ ಆಗುತ್ತದೆ. ಡ್ಯಾಶ್‌ಕ್ಯಾಮಿನ ವೈರು ಅದಕ್ಕಿಂತ ಎಷ್ಟೋ ಉದ್ದ. ಜೊತೆಗೆ ಅದರ ಚಾರ್ಜರಿನೊಳಗೆ ಕಾರಿನ 12 ವೋಲ್ಟನ್ನು 5 ವೋಲ್ಟ್‌ಗೆ ಇಳಿಸಲು ಸೆಕೆಂಡಿಗೆ ಲಕ್ಷಾಂತರ ಬಾರಿ ಆನ್ ಆಫ್ ಆಗುವ ಸ್ವಿಚ್ ಇರುತ್ತದೆ. ನಡುವೆ ವೈರಿಲ್ಲದಿದ್ದರೂ ಕಾರಿನ ಆಂಟೆನಾ ಆ ಗದ್ದಲವನ್ನು ಹಿಡಿದುಕೊಳ್ಳುತ್ತದೆ. ನಮ್ಮ ವೃತ್ತಿಯಲ್ಲಿ ಇದನ್ನು ಇಎಂಐ, ಅಂದರೆ ವಿದ್ಯುತ್ಕಾಂತೀಯ ಅಡಚಣೆ ಎನ್ನುತ್ತೇವೆ.

ಪಕ್ಕದ ಮನೆಯವರಿಗಾಗಿ ಒಂದು ಕಾನೂನು

ಈ ಗದ್ದಲಕ್ಕೆ ಮಿತಿ ಹಾಕುವ ಪ್ರಯತ್ನ ಹಳೆಯದು. ರೇಡಿಯೋ ಅಡಚಣೆಯ ಬಗ್ಗೆ ಅಂತರರಾಷ್ಟ್ರೀಯ ಮಾನದಂಡ ರೂಪಿಸುವ 'ಸಿಸ್ಪರ್' ಸಮಿತಿ 1934ರಲ್ಲೇ ಪ್ಯಾರಿಸ್‌ನಲ್ಲಿ ಸೇರಿತ್ತು. ಮನೆಬಳಕೆಯ ಉಪಕರಣಗಳಿಗೆ ಅದು ಇಟ್ಟಿರುವ ಮಿತಿ ಬಹಳ ಸಣ್ಣದು. ಕಂಪ್ಯೂಟರಿನಂತಹ ಉಪಕರಣದಿಂದ 10 ಮೀಟರ್ ದೂರದಲ್ಲಿ ಅಳೆದಾಗ, 30ರಿಂದ 230 ಮೆಗಾಹರ್ಟ್ಸ್ ನಡುವೆ ಪ್ರತಿ ಮೀಟರಿಗೆ ಸುಮಾರು 32 ಮೈಕ್ರೋವೋಲ್ಟ್ ದಾಟಬಾರದು. ಒಂದು ವೋಲ್ಟನ್ನು ಹತ್ತು ಲಕ್ಷ ಪಾಲು ಮಾಡಿದರೆ ಸಿಗುವ ಒಂದು ಪಾಲೇ ಮೈಕ್ರೋವೋಲ್ಟ್.

ಅಳೆಯುವ ಕ್ರಮವನ್ನೂ ಗಮನಿಸಬೇಕು. ಲ್ಯಾಬಿನ ರಿಸೀವರ್ ಇಡೀ ಆಕಾಶವನ್ನು ಒಟ್ಟಿಗೆ ನೋಡುವುದಿಲ್ಲ. 30 ಮೆಗಾಹರ್ಟ್ಸ್‌ನಿಂದ 1000 ಮೆಗಾಹರ್ಟ್ಸ್‌ವರೆಗೆ 120 ಕಿಲೋಹರ್ಟ್ಸ್ ಅಗಲದ ಒಂದು ಸಣ್ಣ ಕಿಟಕಿಯಿಂದ, ಒಂದೊಂದೇ ಜಾಗವನ್ನು ನೋಡುತ್ತಾ ಹೋಗುತ್ತದೆ. ರೇಡಿಯೋ ಕೇಳುವವರೂ ಹಾಗೆಯೇ ತಾನೇ? ತಮ್ಮ ಸ್ಟೇಷನ್ ಇರುವ ಅಗಲದಲ್ಲಿ ಮಾತ್ರ ಕೇಳುತ್ತಾರೆ. ಆ ಕಿಟಕಿಯಲ್ಲಿ ಯಾವ ಗೆರೆಯೂ ಮಿತಿಗಿಂತ ಮೇಲೆ ಏಳಬಾರದು, ಅಷ್ಟೇ ಪರೀಕ್ಷೆ.

ಉಪಾಯ ಹುಟ್ಟಿದ್ದು ಇಲ್ಲಿಂದಲೇ.

ಹರಳನ್ನು ಕರಗಿಸುವ ವಿದ್ಯೆ

ರೂಮಿನಲ್ಲಿ ಸರದಿಯ ಮೇಲೆ ಅಡುಗೆ ಮಾಡುವವರಿಗೆ ಇದನ್ನು ವಿವರಿಸುವುದು ಸುಲಭ. ಸಾಂಬಾರಿಗೆ ಕಲ್ಲುಪ್ಪು ಹಾಕಿ ಕದಡದೆ ಬಡಿಸಿದರೆ ಯಾರೋ ಒಬ್ಬರ ಬಾಯಿಗೆ ಇಡೀ ಹರಳು ಸಿಗುತ್ತದೆ. ಅವರು ಬೈಯುತ್ತಾರೆ. ಅದೇ ಉಪ್ಪನ್ನು ಚೆನ್ನಾಗಿ ಕದಡಿದರೆ ಯಾರಿಗೂ ತಿಳಿಯುವುದೇ ಇಲ್ಲ. ಪಾತ್ರೆಯಲ್ಲಿರುವ ಉಪ್ಪು ಮಾತ್ರ ಅಷ್ಟೇ.

ಕ್ಲಾಕಿನ ಬಡಿತ ಕರಾರುವಾಕ್ಕಾಗಿರುವುದರಿಂದ ಅದರ ಶಕ್ತಿಯೆಲ್ಲ ಒಂದೇ ಕಂಪನಾಂಕದಲ್ಲಿ ಹರಳುಗಟ್ಟಿರುತ್ತದೆ. ಹಾಗಾದರೆ ಬಡಿತವನ್ನೇ ಬೇಕೆಂದು ಸ್ವಲ್ಪ ಅಲುಗಾಡಿಸಿದರೆ? ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸ್‌ಮಾರ್ಕ್ ಎಂಬ ಪ್ರಿಂಟರ್ ಕಂಪನಿಯ ಕೀತ್ ಹಾರ್ಡಿನ್, ಜಾನ್ ಫೆಸ್ಲರ್ ಮತ್ತು ಡೊನಾಲ್ಡ್ ಬುಷ್ ಈ ಉಪಾಯವನ್ನು 1994ರಲ್ಲಿ ಎಂಜಿನಿಯರುಗಳ ಸಮ್ಮೇಳನವೊಂದರಲ್ಲಿ ಮುಂದಿಟ್ಟರು. ಅದೇ 'ಸ್ಪ್ರೆಡ್ ಸ್ಪೆಕ್ಟ್ರಮ್ ಕ್ಲಾಕ್ ಜನರೇಟರ್'. ಹಳೆ ಕಂಪ್ಯೂಟರಿನ ಬಯೋಸ್ ಸೆಟಪ್‌ನಲ್ಲಿ 'ಸ್ಪ್ರೆಡ್ ಸ್ಪೆಕ್ಟ್ರಮ್: ಎನೇಬಲ್, ಡಿಸೇಬಲ್' ಎಂದು ಕಾಣುತ್ತಿದ್ದ ಸಾಲು ಇದರದ್ದೇ.

ಕೆಲಸ ಮಾಡುವ ರೀತಿ ಹೀಗೆ. ಇಂದು ಪ್ರತಿ ಕಂಪ್ಯೂಟರಿನಲ್ಲೂ ಇರುವ ಪಿಸಿಐ ಎಕ್ಸ್‌ಪ್ರೆಸ್‌ನ ಕ್ಲಾಕ್ 100 ಮೆಗಾಹರ್ಟ್ಸ್. ಸ್ಪ್ರೆಡ್ ಆನ್ ಇದ್ದಾಗ ಅದು 100ರಿಂದ 99.5ಕ್ಕೆ ಇಳಿದು ಮತ್ತೆ 100ಕ್ಕೆ ಏರುತ್ತದೆ. ಅಂದರೆ ಶೇಕಡಾ ಅರ್ಧದಷ್ಟು ಅಲುಗಾಟ. ಈ ಏರಿಳಿತ ಸೆಕೆಂಡಿಗೆ 30ರಿಂದ 33 ಸಾವಿರ ಬಾರಿ ನಡೆಯುತ್ತದೆ. ಮನುಷ್ಯರ ಕಿವಿಗೆ ಕೇಳುವ 20 ಸಾವಿರಕ್ಕಿಂತ ಮೇಲಿರುವುದರಿಂದ ಈ ಏರಿಳಿತವೇ ಇನ್ನೊಂದು ಶಿಳ್ಳೆಯಾಗಿ ಕೇಳಿಸುವುದಿಲ್ಲ. 100ಕ್ಕಿಂತ ಮೇಲೆ ಹೋಗದೆ ಕೆಳಕ್ಕೆ ಮಾತ್ರ ಇಳಿಯುವುದಕ್ಕೂ ಕಾರಣವಿದೆ. 100ರ ವೇಗಕ್ಕೆಂದೇ ಮಾಡಿದ ಐಸಿಗಳನ್ನು ಅದಕ್ಕಿಂತ ಜೋರಾಗಿ ಓಡಿಸಿದರೆ ಅವು ಮುಗ್ಗರಿಸಬಹುದು.

ಈಗ ಲೆಕ್ಕ ಮಾಡೋಣ. ಮೊದಲು ಒಂದೇ ಗೆರೆಯಲ್ಲಿದ್ದ ಶಕ್ತಿ ಈಗ 500 ಕಿಲೋಹರ್ಟ್ಸ್ ಅಗಲಕ್ಕೆ ಹರಡಿತು. ಲ್ಯಾಬಿನ ಕಿಟಕಿಯ ಅಗಲ 120. ಆದ್ದರಿಂದ ಒಂದು ಕಿಟಕಿಯಲ್ಲಿ ಕಾಣುವುದು ಸುಮಾರು ನಾಲ್ಕನೇ ಒಂದು ಪಾಲು. ಡೆಸಿಬೆಲ್ ಲೆಕ್ಕದಲ್ಲಿ ಸುಮಾರು 6ರ ಇಳಿಕೆ. ಹತ್ತನೇ ಹಾರ್ಮೋನಿಕ್‌ಗೆ, ಅಂದರೆ 1000 ಮೆಗಾಹರ್ಟ್ಸ್‌ಗೆ ಬಂದಾಗ ಹರಡುವಿಕೆಯೂ ಹತ್ತು ಪಟ್ಟಾಗಿ 5 ಮೆಗಾಹರ್ಟ್ಸ್ ಆಗುತ್ತದೆ. ಅಲ್ಲಿ ಇಳಿಕೆ 16 ಡೆಸಿಬೆಲ್‌ವರೆಗೂ ಹೋಗಬಹುದು. ಎಲ್ಲವೂ ಸರಿಸಮನಾಗಿ ಹರಡಿದರೆ ಸಿಗುವ ಲೆಕ್ಕ ಇದು.

ಸರಿಸಮನಾಗಿ ಹರಡುವುದೂ ಒಂದು ಕಲೆ. ಉಯ್ಯಾಲೆ ಎರಡು ತುದಿಯಲ್ಲಿ ಒಂದು ಗಳಿಗೆ ನಿಂತಂತಾಗುತ್ತದಲ್ಲ, ಹಾಗೆ ಬಡಿತವೂ ತುದಿಗಳಲ್ಲಿ ತಡೆದು ನಿಂತರೆ ಅಲ್ಲಿ ಮತ್ತೆ ಎರಡು ಹರಳು ಕಟ್ಟುತ್ತವೆ. ಲೆಕ್ಸ್‌ಮಾರ್ಕ್‌ನವರು ತುದಿಗಳಲ್ಲಿ ಬೇಗ ಹಿಂದಿರುಗುವ ಒಂದು ವಕ್ರರೇಖೆ ಕಂಡುಕೊಂಡರು. ಅದರ ತುದಿಯ ಆಕಾರ ಚೂಪು ಮೂತಿಯ ಚಾಕೊಲೇಟಿನಂತೆ ಇದ್ದುದರಿಂದ ಎಂಜಿನಿಯರುಗಳು ಅದಕ್ಕೆ 'ಹರ್ಷೀಸ್ ಕಿಸ್' ಎಂದೇ ಹೆಸರಿಟ್ಟರು. ಹೌದು, ಊರಿಗೆ ಹೊರಡುವಾಗ ನಾವು ಸೂಟ್‌ಕೇಸಿಗೆ ತುಂಬುವ ಅದೇ ಬೆಳ್ಳಿ ಕಾಗದದ ಚಾಕೊಲೇಟ್.

ಎಲ್ಲ ಕಡೆ ಇದು ನಡೆಯುವುದಿಲ್ಲ. ಶೇಕಡಾ ಅರ್ಧ ಎಂದರೆ ಹತ್ತು ಲಕ್ಷಕ್ಕೆ 5000. ಯುಎಸ್‌ಬಿ 2.0ರ ವೇಗದ ಸಂಪರ್ಕಕ್ಕೆ ಹತ್ತು ಲಕ್ಷಕ್ಕೆ 500ಕ್ಕಿಂತ ಹೆಚ್ಚು ತಪ್ಪು ಆಗಬಾರದು. ಗಿಗಾಬಿಟ್ ಇಥರ್ನೆಟ್‌ಗೆ 100. ಅಂತಹ ಕಡೆಗಳಿಗೆ ಅಲುಗಾಡದ ಬೇರೆ ಕ್ಲಾಕನ್ನೇ ಕೊಡಬೇಕು.

ನಾನು ಸಹಿ ಹಾಕಿದ ಬೋರ್ಡು

ಈಗ ನನ್ನ ಕಥೆ. ಕೆಲವು ವರ್ಷಗಳ ಹಿಂದೆ ಇಲ್ಲಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದೆ. ಪಾರ್ಕಿಂಗ್ ಮಾಹಿತಿ ತೋರಿಸುವ ಎಲ್‌ಇಡಿ ಬೋರ್ಡುಗಳನ್ನು ಜೋಡಿಸುತ್ತಿದ್ದೆವು. ಕಂಟ್ರೋಲರಿನಲ್ಲಿ 50 ಮೆಗಾಹರ್ಟ್ಸ್ ಕ್ಲಾಕ್ ಇತ್ತು. ಲ್ಯಾಬಿಗೆ ಕಳಿಸಿದಾಗ ಅದರ ಒಂಬತ್ತನೇ ಹಾರ್ಮೋನಿಕ್, 450 ಮೆಗಾಹರ್ಟ್ಸ್, ಮಿತಿಗಿಂತ 5 ಡೆಸಿಬೆಲ್ ಮೇಲೆ ನಿಂತಿತು. ಫೇಲ್. ಮಾಲು ಕೊಡಬೇಕಾದ ದಿನ ಹತ್ತಿರ ಬಂದಿತ್ತು.

ಗದ್ದಲ ಎಲ್ಲಿಂದ ಬರುತ್ತಿದೆ ಎಂದು ನನಗೆ ಅಂದಾಜಿತ್ತು. ಕಂಟ್ರೋಲರಿನಿಂದ ಡಿಸ್‌ಪ್ಲೇಗೆ ಹೋಗುವ ಚಪ್ಪಟೆ ರಿಬ್ಬನ್ ಕೇಬಲಿನಲ್ಲಿ ಅಷ್ಟು ಸಿಗ್ನಲ್ ವೈರುಗಳಿಗೆ ಒಂದೇ ಒಂದು ಗ್ರೌಂಡ್ ವೈರಿತ್ತು. ಶೀಲ್ಡ್ ಇರಲಿಲ್ಲ. ಅದನ್ನು ಬದಲಿಸಲು ಕನೆಕ್ಟರೂ ಬದಲಾಗಬೇಕು, ಎರಡು ವಾರ ಬೇಕು. "ನಾಲ್ಕು ಕಾಲಿನ ಆ ಕ್ಲಾಕ್ ತೆಗೆದು ಅದೇ ಅಳತೆಯ ಸ್ಪ್ರೆಡ್ ಸ್ಪೆಕ್ಟ್ರಮ್ ಕ್ಲಾಕ್ ಹಾಕು" ಎಂದರು ಮೇಲಿನವರು. ಅರ್ಧ ಗಂಟೆಯ ಕೆಲಸ. ಹಾಕಿದೆ. ಗೆರೆ ಕುಸಿಯಿತು. ಪಾಸ್. ಬದಲಾವಣೆಯ ಕಾಗದಕ್ಕೆ ನಾನೇ ಸಹಿ ಹಾಕಿದೆ.

ಎರಡು ತಿಂಗಳ ಮೇಲೆ ಒಂದು ಕಟ್ಟಡದಿಂದ ಫೋನ್ ಬಂತು. ಸೆಕ್ಯುರಿಟಿಯವರ ಕಂಟ್ರೋಲ್ ರೂಮಿನಲ್ಲಿ ನಮ್ಮ ಬೋರ್ಡು ಹಾಕಿದಂದಿನಿಂದ ಬೇಸ್‌ಮೆಂಟಿನ ವಾಕಿಟಾಕಿ ಕೇಳಿಸುತ್ತಿಲ್ಲವಂತೆ. ಹೋದೆ. ರೇಡಿಯೋ ಸೆಟ್ಟು ಮೇಜಿನ ಮೇಲೆ, ನಮ್ಮ ಬೋರ್ಡಿನಿಂದ ಎರಡಡಿ ದೂರದಲ್ಲಿ ಇತ್ತು. ಅವರ ಚಾನೆಲ್ 449 ಮೆಗಾಹರ್ಟ್ಸ್ ಆಸುಪಾಸಿನದು.

ನನಗೆ ಅಲ್ಲೇ ಬೆವರು ಬಂತು. 450ರ ಶೇಕಡಾ ಅರ್ಧ ಎಂದರೆ 2.25. ಮೊದಲು ನಮ್ಮ ಗದ್ದಲ 450ರಲ್ಲಿ ಒಂದೇ ಗೆರೆಯಾಗಿ ನಿಂತಿತ್ತು. ಆ ಗೆರೆಯ ಮೇಲೆ ಯಾರ ಚಾನೆಲ್ಲೂ ಇರಲಿಲ್ಲ. ಸ್ಪ್ರೆಡ್ ಮಾಡಿದ ಮೇಲೆ ಅದು 447.75ರಿಂದ 450ರವರೆಗೆ ಚಾಪೆ ಹಾಸಿದಂತೆ ಹರಡಿ, ಅವರ ಚಾನೆಲ್ ಆ ಚಾಪೆಯ ಅಡಿಗೆ ಬಿದ್ದಿತ್ತು. ಎತ್ತರ ಕಡಿಮೆ, ನಿಜ. ಆದರೆ ಬೇಸ್‌ಮೆಂಟಿನಿಂದ ಕಾಂಕ್ರೀಟು ದಾಟಿ ಬರುವ ಸಿಗ್ನಲ್ಲಿನ ಎತ್ತರ ಅದಕ್ಕಿಂತಲೂ ಕಡಿಮೆ.

ಆ ಪಾಳಿಯ ಗಾರ್ಡ್ ನೇಪಾಳದ ಹುಡುಗ. ಅವನು ಹೇಳಿದ: ಹಿಂದಿನ ವಾರ ಲಿಫ್ಟಿನ ಹತ್ತಿರ ಒಬ್ಬ ಹಿರಿಯರು ಕುಸಿದು ಬಿದ್ದಿದ್ದರು. ಅವನು ಎರಡು ಸಲ ಕರೆದ. ಮೇಲಿನಿಂದ ಉತ್ತರವಿಲ್ಲ. ಕೊನೆಗೆ ಮೆಟ್ಟಿಲು ಹತ್ತಿ ಓಡಿ ಬಂದು ಹೇಳಿದ. ಆಂಬುಲೆನ್ಸ್ ಬಂತು, ಹಿರಿಯರು ಉಳಿದುಕೊಂಡರು. "ರೇಡಿಯೋ ಸರಿಯಿಲ್ಲ ಅಂತ ಹೇಳಿದರೆ, ನೀನೇ ಸರಿಯಾಗಿ ಒತ್ತಿಲ್ಲ ಅಂತ ನನಗೇ ಬೈದರು ಸಾರ್" ಎಂದ. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

ಬೋರ್ಡನ್ನು ಬಿಚ್ಚಿ ತಂದೆವು. ರಿಬ್ಬನ್ ಕೇಬಲ್ ತೆಗೆದು ಪ್ರತಿ ಸಿಗ್ನಲ್ಲಿನ ಪಕ್ಕದಲ್ಲೊಂದು ಗ್ರೌಂಡ್ ಇರುವ, ಶೀಲ್ಡ್ ಇರುವ ಕೇಬಲ್ ಹಾಕಿದೆವು. ಶೀಲ್ಡನ್ನು ಎರಡೂ ಕಡೆ ಲೋಹದ ಪೆಟ್ಟಿಗೆಗೆ ಸರಿಯಾಗಿ ಕೂರಿಸಿದೆವು. ಕ್ಲಾಕಿನ ಕಾಲಿನ ಬಳಿ ಒಂದು ಸಣ್ಣ ರೆಸಿಸ್ಟರ್ ಹಾಕಿ ಬಡಿತದ ಚೂಪನ್ನು ಮೊಂಡು ಮಾಡಿದೆವು. ಈಗ ಹಳೆಯ ಅಲುಗಾಡದ ಕ್ಲಾಕ್ ಇಟ್ಟುಕೊಂಡೇ ಪಾಸಾಯಿತು. ಗಾರ್ಡಿನ ದನಿಯೂ ಕೇಳಿಸಿತು. ಮೊದಲು ಕೇಳಿದ್ದ ಎರಡು ವಾರಗಳೇ ಇದಕ್ಕೆ ಸಾಕಾದವು.

ಮೋಸವೇ, ಮರ್ಯಾದೆಯೇ?

ಹಾಗಾದರೆ ಈ ವಿದ್ಯೆಯೇ ಮೋಸವೇ? ಎಂಜಿನಿಯರುಗಳಲ್ಲಿ ಈ ವಾದ ಮೊದಲಿನಿಂದಲೂ ಇದೆ. ಒಟ್ಟು ಗದ್ದಲ ಕಡಿಮೆಯಾಗದೆ ಬರೀ ಪರೀಕ್ಷೆ ಪಾಸಾಗುತ್ತದೆ ಎನ್ನುವವರಿದ್ದಾರೆ. ನನ್ನ ಅನುಭವದಲ್ಲಿ ಅದು ಪೂರ್ತಿ ಸರಿಯಲ್ಲ. ರೇಡಿಯೋ ಕೇಳುವವರ ಚಾನೆಲ್ ಕಿರಿದಾದುದರಿಂದ ಚೂಪು ಗೆರೆ ಕರಗಿದರೆ ಅದರ ಮೇಲೆಯೇ ಕುಳಿತಿದ್ದವರಿಗೆ ನಿಜವಾಗಿಯೂ ಉಪಕಾರವಾಗುತ್ತದೆ. ಆದರೆ ಅವರ ಆಚೀಚೆ ಕುಳಿತವರಿಗೆ ಸ್ವಲ್ಪ ಸ್ವಲ್ಪ ಪಾಲು ಹೋಗುತ್ತದೆ. ಹದವಾಗಿ ಉಪ್ಪು ಹಾಕಿದ ಮೇಲೆ ಕದಡುವುದು ಒಳ್ಳೆಯ ಅಡುಗೆ. ಹಿಡಿ ಉಪ್ಪು ಹಾಕಿಬಿಟ್ಟು ಕದಡಿದರೆ ಇಡೀ ಪಾತ್ರೆ ಕೆಡುತ್ತದೆ. ಮೊದಲು ಉಪ್ಪು ಕಡಿಮೆ ಮಾಡಬೇಕು, ಆಮೇಲೆ ಸೌಟು.

ಗದ್ದಲ ಮೂಲದಲ್ಲೇ ಅಗಲವಾಗಿದ್ದರೆ ಸೌಟಿನಿಂದ ಏನೂ ಆಗುವುದಿಲ್ಲ. 2012ರಲ್ಲಿ ಇಂಟೆಲ್ ಕಂಪನಿ ಯುಎಸ್‌ಬಿ 3.0 ಬಗ್ಗೆ ಒಂದು ವರದಿ ಪ್ರಕಟಿಸಿತು. ಅದರ ಸಂಪರ್ಕದಲ್ಲಿ ಸ್ಪ್ರೆಡ್ ಸ್ಪೆಕ್ಟ್ರಮ್ ಮೊದಲೇ ಇದೆ. ಆದರೂ ಅದರ ಗದ್ದಲ ವೈಫೈ ಮತ್ತು ವೈರ್‌ಲೆಸ್ ಮೌಸ್ ಬಳಸುವ 2.4 ಗಿಗಾಹರ್ಟ್ಸ್‌ಗೆ ಬೀಳುತ್ತದೆ ಎಂದು ಅವರೇ ತೋರಿಸಿದರು. ಹಾರ್ಡ್ ಡಿಸ್ಕ್ ಸಿಕ್ಕಿಸಿದೊಡನೆ ಮೌಸ್ ತಡವರಿಸುವುದು ಇದಕ್ಕೇ. ಪರಿಹಾರ ಎಂದರೆ ಒಳ್ಳೆಯ ಶೀಲ್ಡ್ ಮತ್ತು ಒಂದಿಷ್ಟು ದೂರ.

ಕಡಲಿನ ವಿಷಯ ಇನ್ನೂ ಗಂಭೀರ. 2018ರ ಆಗಸ್ಟ್‌ನಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ಎಲ್‌ಇಡಿ ದೀಪಗಳ ಬಗ್ಗೆ ಒಂದು ಎಚ್ಚರಿಕೆ ಹೊರಡಿಸಿತು. ಹಡಗಿನ ಎಲ್‌ಇಡಿ ದೀಪಗಳ ಗದ್ದಲದಿಂದ ವಿಎಚ್ಎಫ್ ರೇಡಿಯೋ, ಹಡಗುಗಳನ್ನು ಗುರುತಿಸುವ ಎಐಎಸ್ ಉಪಕರಣ ಎರಡೂ ಕಿವುಡಾಗುತ್ತಿವೆ, ಒಂದು ಹಡಗನ್ನು ರಕ್ಷಣಾ ಕೇಂದ್ರದವರಿಗೆ ರೇಡಿಯೋದಲ್ಲಿ ಸಂಪರ್ಕಿಸಲು ಆಗಲೇ ಇಲ್ಲ ಎಂದು ಅದರಲ್ಲಿತ್ತು. ಮಲ್ಪೆ, ಗಂಗೊಳ್ಳಿ, ಭಟ್ಕಳದಲ್ಲಿ ದೋಣಿ ಇರುವ ಮನೆಯವರು ನಮ್ಮ ಸಂಘದಲ್ಲಿ ಎಷ್ಟೋ ಜನ ಇದ್ದೀರಿ. ಇಲ್ಲಿಂದ ಅಗ್ಗದ ಎಲ್‌ಇಡಿ ದೀಪ ಒಯ್ದು ದೋಣಿಗೆ ಹಾಕಿದ್ದರೆ ಆ ಎಚ್ಚರಿಕೆಯಲ್ಲೇ ಹೇಳಿರುವ ಈ ಪರೀಕ್ಷೆ ಮಾಡಿಸಿ. ದೀಪ ಆರಿಸಿ. ರೇಡಿಯೋವನ್ನು ಯಾರೂ ಮಾತನಾಡದ ಚಾನೆಲ್ಲಿಗೆ ಇಡಿ. ಸ್ಕ್ವೆಲ್ಚ್ ಗುಂಡಿಯನ್ನು ಸದ್ದು ಬರುವವರೆಗೆ ತಿರುಗಿಸಿ, ಆಮೇಲೆ ಸದ್ದು ನಿಲ್ಲುವಷ್ಟು ಮಾತ್ರ ಹಿಂದಕ್ಕೆ ತನ್ನಿ. ಈಗ ದೀಪ ಹಾಕಿ. ಸೊಂಯ್ ಎಂದು ಸದ್ದು ಬಂತೆಂದರೆ ಆ ದೀಪ ನಿಮ್ಮ ರೇಡಿಯೋದ ಕಿವಿ ಮುಚ್ಚುತ್ತಿದೆ.

ನಮ್ಮ ಗೌರಿಬಿದನೂರಿನ ಹತ್ತಿರ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ಸಂಕೇತಗಳನ್ನು ಆಲಿಸಲು ಒಂದು ರೇಡಿಯೋ ದೂರದರ್ಶಕವನ್ನು ಕಟ್ಟಿದ್ದರು. ಗದ್ದಲ ಕಡಿಮೆ ಇರುವ ಜಾಗ ಹುಡುಕಿ ಅದನ್ನು ಅಲ್ಲಿ ಕಟ್ಟಿದ್ದು. ಕರಗಿದ ಉಪ್ಪಿನ ರುಚಿಯೂ ತಿಳಿಯುವ ನಾಲಿಗೆ ಅದು.

ನಾವು ಮಾಡಬಹುದಾದದ್ದು

ಉಪಕರಣ ವಿನ್ಯಾಸ ಮಾಡುವವರು ನಮ್ಮಲ್ಲಿ ಕೆಲವರೇ. ಕೊಳ್ಳುವವರು, ಕೂರಿಸುವವರು, ರಿಪೇರಿ ಮಾಡುವವರು ಬಹಳ ಜನ. ನಮ್ಮ ಕೈಯಲ್ಲೂ ಕೆಲವು ಕೆಲಸಗಳಿವೆ.

ರೇಡಿಯೋ, ವಾಕಿಟಾಕಿ, ಜಿಪಿಎಸ್ ಕೈಕೊಟ್ಟರೆ ಅದನ್ನೇ ಬೈಯುವ ಮೊದಲು ಹತ್ತಿರದಲ್ಲಿ ಹೊಸದಾಗಿ ಬಂದದ್ದು ಯಾವುದು ನೋಡಿ. ಒಂದೊಂದೇ ಪ್ಲಗ್ ಕಿತ್ತು ನೋಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ಲ್ಯಾಪ್‌ಟಾಪ್ ವೈರಿನಲ್ಲಿ ಕಪ್ಪೆ ನುಂಗಿದ ಹಾವಿನ ಹಾಗೆ ಕಾಣುವ ಕಪ್ಪು ಗಂಟು ಇರುತ್ತದಲ್ಲ, ಅದರೊಳಗೆ ಫೆರೈಟ್ ಇದೆ. ಗದ್ದಲವನ್ನು ತಡೆಯುವುದೇ ಅದರ ಕೆಲಸ. ಭಾರವೆಂದು ಕತ್ತರಿಸಬೇಡಿ. ಬಿಡಿಯಾಗಿ ಸಿಗುವ ಕ್ಲಿಪ್ ಫೆರೈಟನ್ನು ಉಪಕರಣದ ಹತ್ತಿರವೇ ಹಾಕಿ. ಜಾಗವಿದ್ದರೆ ವೈರನ್ನು ಅದರೊಳಗೆ ಎರಡು ಸುತ್ತು ಸುತ್ತಿ. ಪೆಟ್ಟಿಗೆ ಬಿಚ್ಚಿದಾಗ ಒಳಗಿನ ತಗಡು, ಸ್ಪ್ರಿಂಗ್ ಪಟ್ಟಿ, ಸ್ಕ್ರೂಗಳನ್ನು ಮೊದಲಿದ್ದಂತೆಯೇ ಕೂರಿಸಿ. ಹೆಚ್ಚುವರಿ ಸ್ಕ್ರೂ ಎಂದು ನಾವು ಡಬ್ಬಿಗೆ ಹಾಕುವುದು ಎಷ್ಟೋ ಸಲ ಗ್ರೌಂಡ್ ಆಗಿರುತ್ತದೆ. ಬಯೋಸ್‌ನಲ್ಲಿ ಸ್ಪ್ರೆಡ್ ಸ್ಪೆಕ್ಟ್ರಮ್ ಆನ್ ಇದ್ದರೆ ಕಾರಣವಿಲ್ಲದೆ ಆಫ್ ಮಾಡಬೇಡಿ. ತಯಾರಕರು ಪರೀಕ್ಷೆ ಪಾಸು ಮಾಡಿದ್ದು ಅದನ್ನು ಆನ್ ಇಟ್ಟೇ ಇರಬಹುದು.

ಕೊನೆಯದು, ಕೈಕೆಳಗಿನ ಹುಡುಗ ಬಂದು "ರೇಡಿಯೋ ಕೇಳಿಸುತ್ತಿಲ್ಲ ಸಾರ್" ಎಂದರೆ ಒಮ್ಮೆ ಅವನು ನಿಂತ ಜಾಗಕ್ಕೆ ಹೋಗಿ ನಿಂತು ಕೇಳಿ.

ನಮ್ಮ ಡ್ರೈವರ್ ಮಿತ್ರರ ಕಾರಿಗೆ ಮರುದಿನ ಒಳ್ಳೆಯ ಚಾರ್ಜರ್ ತಂದು ಹಾಕಿದೆವು. ಕ್ಯಾಮೆರಾದ ವೈರನ್ನು ಆಂಟೆನಾದ ಗಾಜಿನಿಂದ ದೂರ ಸರಿಸಿ, ಎರಡು ತುದಿಗೂ ಫೆರೈಟ್ ಸಿಕ್ಕಿಸಿದೆವು. ಸಂಜೆ ಅಲ್ ಐನ್ ದಾರಿಯಿಂದ ಅವರ ಫೋನ್ ಬಂತು. ಮಾತೇ ಇಲ್ಲ. ಹಿಂದೆ ಹಳೆ ಹಾಡು ಸ್ಪಷ್ಟವಾಗಿ ಕೇಳುತ್ತಿತ್ತು. ಒಂದು ಚರಣ ಮುಗಿದ ಮೇಲೆ ಅವರೆಂದರು: "ಇವತ್ತು ಅಡುಗೆಯ ಪಾಳಿ ನಿಮ್ಮದು, ನೆನಪುಂಟಲ್ಲ? ಉಪ್ಪು ನೋಡಿ ಹಾಕಿ ಮಾರ್ರೆ."